ಟಿವಿ ನಮ್ಮ ದುಡ್ಡಿನದು, ಸೂಚನೆ ಯಾರ ಭಾಷೆಯದು?



ಈ ಸಲ ಗಡಿ, ನದಿ, ನೌಕರಿಗಳ ಮಾತು ಬೇಡ. ನಿಮ್ಮ ನಡುಮನೆಯ ಗೋಡೆಗೆ ನೇತುಹಾಕಿರುವ ಟಿವಿಯ ಬಗ್ಗೆ, ಅದರ ಬೆನ್ನಿಗೆ ಚುಚ್ಚಿರುವ ತಂತಿಗಳ ಬಗ್ಗೆ ಮಾತಾಡೋಣ. ಪತ್ರಿಕೆಯವರಿಗೆ ಬೇರೆ ಕೆಲಸವಿಲ್ಲವೇ ಎಂದು ನಗಬೇಡಿ. ಪೂರ್ತಿ ಓದಿ. ಆಮೇಲೆ ನಗಬೇಕೋ, ಸಿಟ್ಟಾಗಬೇಕೋ ನೀವೇ ತೀರ್ಮಾನಿಸಿ.

ನಮ್ಮ ಕಚೇರಿಯ ಹಿಂದಿನ ಬೀದಿಯಲ್ಲಿ ನಿವೃತ್ತ ಕನ್ನಡ ಟೀಚರೊಬ್ಬರಿದ್ದಾರೆ. ಮೂವತ್ತು ವರ್ಷಕ್ಕೂ ಮೇಲೆ ಮಕ್ಕಳಿಗೆ ಕಾಗುಣಿತ ತಿದ್ದಿದ ಕೈ. ಪಿಂಚಣಿಯಲ್ಲಿ ಉಳಿಸಿ, ಹಬ್ಬಕ್ಕೆಂದು 43 ಇಂಚಿನ ಎಚ್‌ಡಿ ಟಿವಿ ತಂದರು. ಕೇಬಲ್‌ನವರಿಗೆ ಹೇಳಿ ಎಚ್‌ಡಿ ಪೆಟ್ಟಿಗೆಯನ್ನೂ ಹಾಕಿಸಿಕೊಂಡರು. ಟಿವಿ ಕೂರಿಸಲು ಹುಡುಗನೊಬ್ಬ ಬಂದ. ಅವನಿಗೆ ಕನ್ನಡ ಬಾರದು, ಟೀಚರಿಗೆ ಹಿಂದಿ ಬಾರದು. ಗೋಡೆಗೆ ಮೊಳೆ ಹೊಡೆದ, ಕೆಂಪು ಹಳದಿ ಬಿಳಿ ತಂತಿ ಮೂರನ್ನು ಚುಚ್ಚಿದ, ಮುನ್ನೂರು ರೂಪಾಯಿ ಇಸಿದುಕೊಂಡು ಹೊರಟುಹೋದ. ಟೀಚರು ಏನೋ ಕೇಳಿದರಂತೆ. ಅವನು ಏನೋ ಹೇಳಿದನಂತೆ. ಅಲ್ಲಿಗೆ ಮುಗಿಯಿತು.

ಆಮೇಲೆ ಶುರುವಾಯಿತು ನೋಡಿ ಪಾಡು. ಪರದೆಯ ಮೇಲಿನ ಮುಖಗಳೆಲ್ಲ ಅಡ್ಡಡ್ಡ ಊದಿಕೊಂಡಿವೆ. ವಾರ್ತೆಯ ಕೆಳಗೆ ಓಡುವ ಅಕ್ಷರಗಳಲ್ಲಿ ಕೊಂಬು ಯಾವುದು, ಒತ್ತು ಯಾವುದು ಗೊತ್ತಾಗುತ್ತಿಲ್ಲ. ಟೀಚರು ತಮ್ಮ ಕಣ್ಣಿಗೇ ಪೊರೆ ಬಂತೆಂದು ತಿಳಿದರು. ಕಣ್ಣಿನ ಆಸ್ಪತ್ರೆಗೆ ಹೋದರು. ವಯಸ್ಸಿಗೆ ತಕ್ಕ ಹಾಗಿದೆ ಎಂದರು ಡಾಕ್ಟರು. ಆದರೂ ಸಮಾಧಾನವಿಲ್ಲದೆ ಹೊಸ ಕನ್ನಡಕ ಮಾಡಿಸಿದರು. ಅಕ್ಷರ ಕಾಣಲಿಲ್ಲ. ಎಂಟು ತಿಂಗಳು ಹೀಗೇ ಕಳೆಯಿತು. ಕತ್ತಲಾಗುತ್ತಿದೆ ಎಂದು ಒಳಗೊಳಗೇ ಹೆದರಿಕೊಂಡು, ಯಾರಿಗೂ ಹೇಳದೆ.

ಒಂದು ಭಾನುವಾರ ಪತ್ರಿಕೆ ಕೊಡಲು ಹೋದ ನಮ್ಮ ಹುಡುಗನೊಬ್ಬ ಪರದೆ ನೋಡಿ, "ಮೇಡಂ, ರಟ್ಟಿನ ಡಬ್ಬ ಇದೆಯಾ?" ಎಂದು ಕೇಳಿದ. ಅಟ್ಟದ ಮೇಲಿತ್ತು. ಒಳಗೆ ಪ್ಲಾಸ್ಟಿಕ್ ಚೀಲ ಬಿಚ್ಚದೆ ಒಂದು ಕಪ್ಪು ತಂತಿ ಸುರುಳಿ ಸುತ್ತಿಕೊಂಡು ಬಿದ್ದಿತ್ತು. ಮೂರು ಬಣ್ಣದ ತಂತಿ ಕಿತ್ತು ಆ ಕಪ್ಪು ತಂತಿ ಸಿಕ್ಕಿಸಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಟೀಚರು ಕೂತಲ್ಲಿಂದಲೇ ಓಡುವ ಅಕ್ಷರಗಳನ್ನು ಗಟ್ಟಿಯಾಗಿ ಓದಿದರು. ಓದಿ ಮುಗಿಸಿ ಹೇಳಿದ್ದು ಒಂದೇ ಮಾತು: "ಅಯ್ಯೋ, ತಪ್ಪು ನನ್ನ ಕಣ್ಣಿನದಲ್ಲವಾ!"

ಅಲ್ಲ ತಾಯಿ, ನಿಮ್ಮ ಕಣ್ಣಿನದಲ್ಲ. ಹಾಗಾದರೆ ಯಾರದು?

ಆ ಹುಡುಗನದು ಎಂದು ತಟ್ಟನೆ ಹೇಳಿಬಿಡಬಹುದು. ನಾನು ಹೇಳುವುದಿಲ್ಲ. ಮನೆಗಿಷ್ಟು ಎಂದು ಕೂಲಿ ಎಣಿಸಿಕೊಂಡು ದಿನವೆಲ್ಲ ಮನೆಯಿಂದ ಮನೆಗೆ ಓಡುವವನು ಅವನು. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವನ ಕೊರಳಪಟ್ಟಿ ಹಿಡಿಯುವುದು ಪೌರುಷವಲ್ಲ. ಕನ್ನಡ ಬಾರದವನನ್ನು ಕನ್ನಡದ ಮನೆಗೆ ಕಳಿಸಿದವರನ್ನು ಕೇಳಿ. ಆ ರಟ್ಟಿನ ಡಬ್ಬದಲ್ಲಿ ಸೂಚನೆಯ ಪುಸ್ತಕವೂ ಇತ್ತು. ಇಂಗ್ಲಿಷಿನಲ್ಲಿತ್ತು, ಹಿಂದಿಯಲ್ಲಿತ್ತು. ಕನ್ನಡದಲ್ಲಿ ಒಂದು ಸಾಲಿಲ್ಲ. ಸಾವಿರಾರು ಮಕ್ಕಳಿಗೆ ಓದು ಕಲಿಸಿದ ಹೆಂಗಸು, ತನ್ನ ದುಡ್ಡಿನ ಟಿವಿಯ ಪುಸ್ತಕದ ಮುಂದೆ ಅನಕ್ಷರಸ್ಥೆ! ಇದಕ್ಕಿಂತ ಅವಮಾನ ಬೇಕೇ?

ಲೆಕ್ಕವನ್ನೂ ನೋಡಿಬಿಡೋಣ. ಟಿವಿಯ ಚಿತ್ರ ಸಣ್ಣ ಸಣ್ಣ ಚುಕ್ಕೆಗಳಿಂದ ಆದದ್ದು. ನಮ್ಮ ಹಳೆಯ ಮಾದರಿಯ ಚಿತ್ರದಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕೆಗಳು. ಗುಣಿಸಿದರೆ 4,14,720. ಪೂರ್ಣ ಎಚ್‌ಡಿಯಲ್ಲಿ 1920 ಮತ್ತು 1080. ಗುಣಿಸಿದರೆ 20,73,600. ಸರಿಯಾಗಿ ಐದು ಪಟ್ಟು! ಆ ಹಳದಿ ತಂತಿ ಹೊರುವುದು ಹಳೆಯ ಮಾದರಿಯ ಚಿತ್ರವನ್ನು ಮಾತ್ರ. ಅಂದರೆ ನಮ್ಮ ಟೀಚರು ಐದು ಸೇರು ಅಕ್ಕಿಗೆ ದುಡ್ಡು ಕೊಟ್ಟು ಎಂಟು ತಿಂಗಳು ಒಂದೇ ಸೇರು ಮನೆಗೆ ತಂದರು. ಅಂಗಡಿಯವನು ತೂಕದಲ್ಲಿ ಮೋಸ ಮಾಡಿದರೆ ಬೀದಿಗೆ ಬಂದು ಕೂಗಾಡುತ್ತೇವೆ. ಭಾಷೆಯಲ್ಲಿ ಮೋಸವಾದರೆ ನಮ್ಮ ಕಣ್ಣನ್ನೇ ಅನುಮಾನಿಸುತ್ತೇವೆ!

ಕಂಪನಿಯವರು ಬರೆಯದಿದ್ದರೆ ಬೇಡ. ನಾವೇ ಬರೆಯೋಣ. ಕೆಳಗಿನದನ್ನು ಕತ್ತರಿಸಿ ಇಟ್ಟುಕೊಳ್ಳಿ.

ತಂತಿ ಸಿಕ್ಕಿಸುವ ಕೆಲಸ

ಮೊದಲು ಕರೆಂಟು ಆರಿಸಿ. ಟಿವಿ, ಕೇಬಲ್ ಪೆಟ್ಟಿಗೆ, ಸೌಂಡ್ ಸಿಸ್ಟಂ, ಮೂರರದ್ದೂ ಗೋಡೆಯ ಸ್ವಿಚ್ಚಿನಲ್ಲೇ ಆರಬೇಕು.

ಕಂಬದಿಂದ ಮನೆಯೊಳಗೆ ಬರುವ ದುಂಡನೆಯ ದಪ್ಪ ತಂತಿಯೇ ಕೇಬಲ್. ಅದು ಹೋಗಬೇಕಾದದ್ದು ಟಿವಿಗಲ್ಲ, ಪೆಟ್ಟಿಗೆಯ ಬೆನ್ನಿನ 'ಕೇಬಲ್ ಇನ್' ಅಥವಾ 'ಆರ್‌ಎಫ್ ಇನ್' ಎಂಬ ತಿರುಪಿನ ಮೂತಿಗೆ. ಬಿಗಿಯಾಗಿ ತಿರುಗಿಸಿ. ಚಿತ್ರ ಚೂರುಚೂರಾಗಿ ನಿಂತುನಿಂತು ಬರುತ್ತಿದ್ದರೆ ಮೊದಲು ನೋಡಬೇಕಾದದ್ದು ಈ ತಿರುಪನ್ನೇ.

ಇನ್ನು ನಮ್ಮ ಕಪ್ಪು ತಂತಿ. ಇದರ ಹೆಸರು ಎಚ್‌ಡಿಎಂಐ. ಜಪಾನು, ಯೂರೋಪು, ಅಮೆರಿಕದ ಏಳು ಕಂಪನಿಗಳು ಸೇರಿ 2002ರಲ್ಲಿ ಹೊರತಂದದ್ದು. ಚಪ್ಪಟೆ ಮೂತಿ, ಒಳಗೆ 19 ಮುಳ್ಳು. ಮೇಲ್ಭಾಗ ಅಗಲ, ಕೆಳಗಿನ ಎರಡು ಮೂಲೆ ಓರೆ. ತಲೆಕೆಳಗಾಗಿ ಹಿಡಿದರೆ ಹೋಗುವುದಿಲ್ಲ, ಒತ್ತಿ ಮುರಿಯಬೇಡಿ. ಚಿತ್ರ ಮತ್ತು ಸದ್ದು ಎರಡನ್ನೂ ಇದೊಂದೇ ಹೊರುತ್ತದೆ. ಒಂದು ತುದಿ ಪೆಟ್ಟಿಗೆಯ 'ಎಚ್‌ಡಿಎಂಐ ಔಟ್'ಗೆ, ಇನ್ನೊಂದು ತುದಿ ಟಿವಿಯ ಎಚ್‌ಡಿಎಂಐ ತೂತಿಗೆ. ಟಿವಿಯಲ್ಲಿ ಇಂಥ ತೂತು ಎರಡು ಮೂರು ಇರುತ್ತವೆ. ಅದರಲ್ಲಿ 'ಎಆರ್‌ಸಿ' ಅಥವಾ 'ಇಎಆರ್‌ಸಿ' ಎಂದು ಬರೆದಿರುವುದನ್ನು ಖಾಲಿ ಬಿಡಿ. ಅದು ಸೌಂಡ್ ಸಿಸ್ಟಂಗೆ ಬೇಕು. ಕೆಂಪು ಹಳದಿ ಬಿಳಿ ಮೂರನ್ನೂ ಕಿತ್ತುಹಾಕಿ. ಅವು ಇನ್ನು ಬೇಕಿಲ್ಲ.

ಸದ್ದಿಗೆ ಮೂರು ದಾರಿಗಳಿವೆ. ನಿಮ್ಮ ಸೌಂಡ್‌ಬಾರ್ ಅಥವಾ ಹೋಮ್ ಥಿಯೇಟರಿನಲ್ಲೂ 'ಎಆರ್‌ಸಿ' ಎಂದು ಬರೆದಿದ್ದರೆ, ಇನ್ನೊಂದು ಎಚ್‌ಡಿಎಂಐ ತಂತಿ ತಂದು ಎಆರ್‌ಸಿಗೆ ಎಆರ್‌ಸಿ ಜೋಡಿಸಿ. 2009ರಲ್ಲಿ ಬಂದ ಈ ಏರ್ಪಾಡಿನ ಗುಟ್ಟು ಸರಳ. ಟಿವಿಗೆ ಬಂದ ಸದ್ದು ಅದೇ ತೂತಿನಿಂದ ವಾಪಸ್ ಹೊರಟು ಸೌಂಡ್ ಸಿಸ್ಟಂಗೆ ಹೋಗುತ್ತದೆ. ಪೆಟ್ಟಿಗೆಯ ಸದ್ದೂ ಸರಿ, ಟಿವಿಯೊಳಗಿನ ಆ್ಯಪುಗಳ ಸದ್ದೂ ಸರಿ, ಎಲ್ಲ ಒಂದೇ ಕಡೆ ಕೇಳುತ್ತದೆ.

ಎಆರ್‌ಸಿ ಇಲ್ಲವೇ? 'ಆಪ್ಟಿಕಲ್' ಎಂಬ ಸಣ್ಣ ಚೌಕದ ತೂತು ಹುಡುಕಿ. ಜಪಾನಿನ ತೋಷಿಬಾದವರು 1983ರಲ್ಲಿ ತಂದದ್ದು. ಇದರೊಳಗೆ ಹರಿಯುವುದು ಕರೆಂಟಲ್ಲ, ಬೆಳಕು. ಹೊಸ ತಂತಿಯ ಎರಡೂ ತುದಿಗೆ ಪುಟ್ಟ ಪ್ಲಾಸ್ಟಿಕ್ ಟೊಪ್ಪಿಗೆ ಇರುತ್ತದೆ, ಅದನ್ನು ತೆಗೆಯಿರಿ. ಟೊಪ್ಪಿಗೆ ತೆಗೆಯದೆ ಚುಚ್ಚಿ ಸದ್ದು ಬರಲಿಲ್ಲವೆಂದು ಅಂಗಡಿಗೆ ಓಡಿದವರೂ ನಮ್ಮ ನಡುವೆ ಇದ್ದಾರೆ!

ಅಪ್ಪನ ಕಾಲದ ಆಂಪ್ಲಿಫೈಯರ್ ಮನೆಯಲ್ಲಿದೆಯೇ? ಅದನ್ನು ಗುಜರಿಗೆ ಹಾಕಬೇಡಿ. ಟಿವಿಯ ಹೆಡ್‌ಫೋನ್ ತೂತಿನಿಂದ ಅದರ 'ಆಕ್ಸ್' ಎಂಬ ಕೆಂಪು ಬಿಳಿ ತೂತುಗಳಿಗೆ ತಂತಿ ಎಳೆಯಬಹುದು. ಹೆಡ್‌ಫೋನ್ ತೂತೂ ಇಲ್ಲದ ಟಿವಿಯಾದರೆ ಆಪ್ಟಿಕಲ್ ಸದ್ದನ್ನು ಕೆಂಪು ಬಿಳಿಗೆ ಬದಲಾಯಿಸುವ ಪುಟ್ಟ ಡಬ್ಬಿ ಸಿಗುತ್ತದೆ. ಅದನ್ನು ಹಾಕಿದರೆ ಟಿವಿಯ ಸದ್ದಿನ ಪಟ್ಟಿಯಲ್ಲಿ 'ಪಿಸಿಎಂ' ಎಂದು ಆರಿಸಬೇಕು.

ಈಗ ಕರೆಂಟು ಹಾಕಿ. ಟಿವಿ ರಿಮೋಟಿನಲ್ಲಿ 'ಸೋರ್ಸ್' ಅಥವಾ 'ಇನ್‌ಪುಟ್' ಒತ್ತಿ, ನೀವು ಚುಚ್ಚಿದ ತೂತಿನ ನಂಬರು ಆರಿಸಿ. ಪರದೆ ಕಪ್ಪಾಗಿದ್ದರೆ ನಂಬರು ತಪ್ಪಿದೆ, ಟಿವಿ ಕೆಟ್ಟಿಲ್ಲ. ಚಿತ್ರ ಬಂದ ಮೇಲೆ ಕೇಬಲ್ ಪೆಟ್ಟಿಗೆಯ ರಿಮೋಟಿನಲ್ಲಿ ಸೆಟ್ಟಿಂಗ್ಸಿಗೆ ಹೋಗಿ, ಚಿತ್ರದ ಅಳತೆಯನ್ನು 1080ಕ್ಕೆ, ಆಕಾರವನ್ನು 16:9ಕ್ಕೆ ಇಡಿ. ಊದಿದ ಮುಖಗಳು ಸರಿಹೋಗುತ್ತವೆ.

ಸದ್ದು ಬಾರದಿದ್ದರೆ ಟಿವಿಯ ಸೌಂಡ್ ಸೆಟ್ಟಿಂಗ್ಸಿನಲ್ಲಿ 'ಟಿವಿ ಸ್ಪೀಕರ್' ಬದಲು ಎಆರ್‌ಸಿ ಅಥವಾ ಆಪ್ಟಿಕಲ್ ಆರಿಸಿ. ಎಆರ್‌ಸಿಗೆ 'ಸಿಇಸಿ' ಎಂಬುದನ್ನೂ ಚಾಲೂ ಮಾಡಬೇಕಾಗಬಹುದು. ಒಂದೊಂದು ಕಂಪನಿ ಅದಕ್ಕೆ ಒಂದೊಂದು ಹೆಸರಿಟ್ಟಿದೆ. ಆಗಲೂ ಮೌನವೇ? ಪಿಸಿಎಂ ಹಾಕಿ ನೋಡಿ. ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ ಆದರೆ 'ಆಡಿಯೋ ಡಿಲೇ' ಅಥವಾ 'ಎವಿ ಸಿಂಕ್' ಎಂಬಲ್ಲಿ ತಿದ್ದಿ. ಒಂದೇ ಮಾತು ಎರಡು ಸಲ ಕೇಳಿದರೆ ಟಿವಿಯ ಸ್ವಂತ ಸ್ಪೀಕರನ್ನು ಆರಿಸಿ.

ಎರಡು ಎಚ್ಚರಿಕೆ. ಅಂಗಡಿಯಲ್ಲಿ ಚಿನ್ನದ ಲೇಪದ ತಂತಿ ಎಂದು ಸಾವಿರಾರು ರೂಪಾಯಿ ಕೇಳಿದರೆ ಕೈಮುಗಿದು ಬನ್ನಿ. ಪೆಟ್ಟಿಗೆಯಿಂದ ಟಿವಿಗೆ ಎರಡು ಮೂರು ಅಡಿ ದೂರ. ಅಷ್ಟಕ್ಕೆ 'ಹೈಸ್ಪೀಡ್' ಎಂದು ಬರೆದ ಸಾದಾ ತಂತಿ ಧಾರಾಳ ಸಾಕು. ಎರಡನೆಯದು, ಪೆಟ್ಟಿಗೆ, ತಂತಿ, ಚಾನೆಲ್ ಮೂರೂ ಎಚ್‌ಡಿ ಆಗಿರಬೇಕು. ಒಂದು ತಪ್ಪಿದರೂ ಉಳಿದೆರಡು ದಂಡ. ಚಾನೆಲ್ ಹೆಸರಿನ ಮುಂದೆ ಎಚ್‌ಡಿ ಎಂದಿದೆಯೇ ನೋಡಿ, ಅದಕ್ಕೆ ದುಡ್ಡು ಕಟ್ಟಿದ್ದೀರಾ ನೋಡಿ. 2019ರ ಫೆಬ್ರವರಿಯಲ್ಲಿ ಬಂದ ದರ ಪದ್ಧತಿಯಲ್ಲಿ ಒಂದು ಎಚ್‌ಡಿ ಚಾನೆಲನ್ನು ಎರಡು ಸಾದಾ ಚಾನೆಲ್ ಎಂದು ಎಣಿಸಿದರು. ಲೆಕ್ಕದಲ್ಲಿ ಎರಡು, ಹಳದಿ ತಂತಿಯಲ್ಲಿ ಐದರಲ್ಲಿ ಒಂದು! ಕಳೆದುಕೊಂಡವರು ಯಾರು?

ಇಷ್ಟೇ ಗೆಳೆಯರೇ. ಇದರಲ್ಲಿ ಬ್ರಹ್ಮವಿದ್ಯೆ ಏನಾದರೂ ಇದೆಯೇ? ತಂತಿ, ತೂತು, ಪೆಟ್ಟಿಗೆ, ಸದ್ದು, ಕರೆಂಟು. ನಮ್ಮ ಅಜ್ಜಿಗೂ ಗೊತ್ತಿರುವ ಮಾತುಗಳು. ಎಚ್‌ಡಿಎಂಐಗೆ ನಾಲಿಗೆ ಹೊರಳದ ಹೊಸ ಪದ ಹುಟ್ಟಿಸುವ ಪಂಡಿತರೂ ಬೇಕಾಗಲಿಲ್ಲ. ಕನ್ನಡದಲ್ಲಿ ವಿಜ್ಞಾನ, ತಂತ್ರಜ್ಞಾನ ಹೇಳಲಾಗದು ಎನ್ನುವವರ ಮುಖಕ್ಕೆ ಈ ಪುಟ ಹಿಡಿಯಿರಿ.

ಮೊದಲು ಕನ್ನಡ ಮಾತಾಡಿದ ಪೆಟ್ಟಿಗೆ

ಇತಿಹಾಸವನ್ನೂ ಸ್ವಲ್ಪ ಕೆದಕೋಣ. 1975ರ ಆಗಸ್ಟ್ 1ರಂದು ಸೈಟ್ ಎಂಬ ಪ್ರಯೋಗ ಶುರುವಾಯಿತು. ಇಸ್ರೋದವರು ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ಮುಟ್ಟಿಸಿದರು. ಆ ಹಳ್ಳಿಗಳಲ್ಲಿ ನಮ್ಮ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳವೂ ಇದ್ದವು. ಕೋಳಿಗೂಡಿನ ಬಲೆಯಂಥ ಜಾಲರಿಯ 10 ಅಡಿಯ ಕೊಡೆ ನಿಲ್ಲಿಸಿ, ಊರಿನ ಮಧ್ಯೆ ಟಿವಿ ಇಟ್ಟು, ಜನರೆಲ್ಲ ಒಟ್ಟಿಗೆ ಕೂತು ನೋಡಿದರು. ಅಲ್ಲಿ ಬಂದದ್ದು ಕನ್ನಡ. ಬೇಸಾಯ, ಆರೋಗ್ಯ, ಮಕ್ಕಳ ಪಾಠ, ಎಲ್ಲ ಕನ್ನಡದಲ್ಲಿ. ಬೆಂಗಳೂರಿನ ಸಾಹೇಬರ ಮನೆಗೆ ಟಿವಿ ಬರುವ ಮೊದಲೇ ರಾಯಚೂರಿನ ರೈತನಿಗೆ ಟಿವಿ ಕನ್ನಡದಲ್ಲಿ ಮಾತಾಡಿತ್ತು!

ಇನ್ನೊಂದು ವಿಷಯ ಗಮನಿಸಿ. ಆ ಉಪಗ್ರಹ ಒಂದು ಚಿತ್ರದ ಜೊತೆ ಎರಡು ಸದ್ದಿನ ದಾರಿ ಕಳಿಸಬಲ್ಲದ್ದಾಗಿತ್ತು. ಒಂದೇ ಚಿತ್ರ, ಎರಡು ಭಾಷೆ. ಐವತ್ತು ವರ್ಷದ ಹಿಂದೆಯೇ ಯಂತ್ರಕ್ಕೆ ಸಾಧ್ಯವಿದ್ದದ್ದು ಇಂದು ಅಸಾಧ್ಯ ಎನ್ನುವವರಿದ್ದರೆ, ಅವರಲ್ಲಿ ಕೊರತೆ ಇರುವುದು ಯಂತ್ರದ್ದಲ್ಲ, ಮನಸ್ಸಿನದು.

ಆಮೇಲೆ ಏನಾಯಿತು? 2011ರಲ್ಲಿ ಕೇಬಲ್ ಕಾಯ್ದೆ ತಿದ್ದಿದರು. ಎರಡನೆಯ ಹಂತದಲ್ಲಿ ಬೆಂಗಳೂರು, ಮೈಸೂರು ಸೇರಿ 38 ನಗರಗಳಿಗೆ 2013ರ ಮಾರ್ಚ್ 31ರ ಗಡುವು. ಪೆಟ್ಟಿಗೆ ಇಲ್ಲದಿದ್ದರೆ ಟಿವಿ ಬಂದ್! ಸರಿ, ಕಾನೂನು ಎಂದು ಎಲ್ಲರೂ ಪೆಟ್ಟಿಗೆ ತಂದರು. ನಮ್ಮ ಬೀದಿಗೆ ಬಂದ ಪೆಟ್ಟಿಗೆಗಳ ಬೆನ್ನ ಮೇಲೆ ಒಂದೇ ಒಂದು ಕನ್ನಡ ಅಕ್ಷರವಿರಲಿಲ್ಲ. ತಗೋ ಎಂದು ಕಾನೂನು ಹೇಳಿತು. ಹೇಗೆ ಬಳಸಬೇಕೆಂದು ನಮ್ಮ ಭಾಷೆಯಲ್ಲಿ ಯಾರೂ ಹೇಳಲಿಲ್ಲ.

ಕಾನೂನು ಏನನ್ನುತ್ತದೆ?

ಪೊಟ್ಟಣದ ಸರಕಿಗೆ ಸಂಬಂಧಿಸಿದ 2011ರ ಕೇಂದ್ರ ನಿಯಮದ ಪ್ರಕಾರ ಡಬ್ಬದ ಮೇಲಿನ ಕಡ್ಡಾಯ ವಿವರ ದೇವನಾಗರಿ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಇರಬೇಕು. ಬೇರೆ ಭಾಷೆಯನ್ನು ಜೊತೆಗೆ ಹಾಕಿಕೊಳ್ಳಲು ಅಡ್ಡಿಯಿಲ್ಲ. ಅಡ್ಡಿಯಿಲ್ಲವಂತೆ! ಅವೆರಡಕ್ಕೆ ಹಕ್ಕು, ಕನ್ನಡಕ್ಕೆ ಭಿಕ್ಷೆ.

ನಮ್ಮ ರಾಜ್ಯ ಏನು ಮಾಡಿದೆ? ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022 ಎಂಬ ಕಾಯ್ದೆ 2024ರಲ್ಲಿ ಜಾರಿಗೆ ಬಂತು. ರಾಜ್ಯದೊಳಗೆ ತಯಾರಾಗಿ ಮಾರಾಟವಾಗುವ ಸರಕಿನ ಹೆಸರು, ಬಳಸುವ ಸೂಚನೆ ಕನ್ನಡದಲ್ಲೂ ಇರಬೇಕು ಎನ್ನುತ್ತದೆ ಅದು. 2025ರ ಫೆಬ್ರವರಿಯಲ್ಲಿ ಸರ್ಕಾರ ಆದೇಶವನ್ನೂ ಹೊರಡಿಸಿತು. ಒಳ್ಳೆಯದೇ, ಚಪ್ಪಾಳೆ ಹೊಡೆಯೋಣ. ಆದರೆ 'ರಾಜ್ಯದೊಳಗೆ ತಯಾರಾಗುವ' ಎಂಬ ಎರಡು ಪದ ನೋಡಿದಿರಾ? ಹೊರರಾಜ್ಯದಲ್ಲಿ ಜೋಡಿಸಿ, ಇಲ್ಲಿ ತಂದು ಮಾರುವ ಟಿವಿ ಈ ಬಲೆಯ ತೂತಿನಲ್ಲಿ ಆರಾಮವಾಗಿ ನುಸುಳುತ್ತದೆ. ತಯಾರಾದ ಜಾಗ ಯಾವುದಾದರೇನು? ದುಡ್ಡು ಕೊಡುವವನು ಇಲ್ಲಿದ್ದಾನಲ್ಲ!

ಕೆನಡಾದ ಕ್ವಿಬೆಕ್ ಪ್ರಾಂತ್ಯ 1977ರಲ್ಲೇ ಫ್ರೆಂಚ್ ಭಾಷೆಯ ಸನ್ನದು ತಂದಿತು. ಅಲ್ಲಿ ಮಾರುವ ಸರಕಿನ ಬಳಕೆಯ ಸೂಚನೆ ಫ್ರೆಂಚಿನಲ್ಲಿರಬೇಕು. ಎಲ್ಲಿ ತಯಾರಾಯಿತು ಎಂದು ಅವರು ಕೇಳಲಿಲ್ಲ, ಎಲ್ಲಿ ಮಾರುತ್ತೀಯ ಎಂದು ಕೇಳಿದರು. ಎಸ್ಟೋನಿಯಾ ಎಂಬ ಪುಟ್ಟ ದೇಶದ ಜನಸಂಖ್ಯೆ 14 ಲಕ್ಷವೂ ಇಲ್ಲ. ಅಲ್ಲಿನ ಗ್ರಾಹಕನಿಗೆ ಎಸ್ಟೋನಿಯನ್ ಭಾಷೆಯಲ್ಲಿ ಮಾಹಿತಿ ಪಡೆಯುವ ಹಕ್ಕನ್ನು ಅವರ ಭಾಷಾ ಕಾಯ್ದೆ ಕೊಟ್ಟಿದೆ. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಎಂದು ಬರೆಸಿದವರು 4 ಕೋಟಿ 37 ಲಕ್ಷ. ಎಸ್ಟೋನಿಯಾದಂಥ ಮೂವತ್ತು ದೇಶ ನಮ್ಮೊಳಗಿದೆ. ಆದರೂ ಒಂದು ಪುಟದ ಕನ್ನಡಕ್ಕೆ ಕಂಪನಿಗಳಿಗೆ ಖರ್ಚು ಜಾಸ್ತಿಯಾಗುತ್ತದೆಯೇ? ಯುಗಾದಿಗೆ, ದಸರೆಗೆ ಕನ್ನಡದಲ್ಲಿ ಪುಟಗಟ್ಟಲೆ ಜಾಹೀರಾತು ಕೊಡಲು ಆಗುತ್ತದೆ. ಮಾರುವ ತನಕ ಕನ್ನಡ ಬೇಕು, ಮಾರಿದ ಮೇಲೆ ಬೇಡ!

ನಮ್ಮ ಬೆನ್ನೂ ನೋಡಿಕೊಳ್ಳೋಣ

ಕಂಪನಿಯನ್ನು ಬೈದು ಕೈತೊಳೆದುಕೊಂಡರೆ ಆಗಲಿಲ್ಲ. ರಾಜ್ಯೋತ್ಸವದ ದಿನ ಬೈಕಿಗೆ ಬಾವುಟ ಕಟ್ಟುವ ತರುಣರೇ, ನಿಮ್ಮ ಮನೆಯ ಟಿವಿಯ ಮೆನು ಯಾವ ಭಾಷೆಯಲ್ಲಿದೆ? 2014ರಲ್ಲೇ ಆಂಡ್ರಾಯ್ಡ್‌ಗೆ ಕನ್ನಡ ಬಂದಿದೆ. ಆ ತಂತ್ರದ ಹಲವು ಟಿವಿಗಳಲ್ಲಿ ಸೆಟ್ಟಿಂಗ್ಸಿನ ಭಾಷಾ ಪಟ್ಟಿಯಲ್ಲಿ ಕೆಳಗೆ ಇಳಿದರೆ 'ಕನ್ನಡ' ಎಂದು ಕನ್ನಡದಲ್ಲೇ ಬರೆದಿರುತ್ತದೆ. ಯಾರಾದರೂ ಒತ್ತಿದ್ದೀರಾ? ಹಲವು ಭಾಷೆಯ ಸದ್ದು ಕಳಿಸುವ ಚಾನೆಲ್‌ಗಳಿಗೆಂದೇ ಪೆಟ್ಟಿಗೆಯ ರಿಮೋಟಿನಲ್ಲಿ 'ಆಡಿಯೋ' ಅಥವಾ 'ಲ್ಯಾಂಗ್ವೇಜ್' ಗುಂಡಿ ಇರುತ್ತದೆ. ಅದನ್ನು ಒತ್ತಿ ಕನ್ನಡ ಇದೆಯೇ ಎಂದು ಎಂದಾದರೂ ಹುಡುಕಿದ್ದೀರಾ? ಯಾರೂ ಬಳಸದ ಭಾಷೆಯನ್ನು ಕಂಪನಿ ಪಟ್ಟಿಯಿಂದ ತೆಗೆದುಹಾಕಿದರೆ ನಾಳೆ ಯಾರ ಮನೆ ಮುಂದೆ ಧರಣಿ ಕೂರುತ್ತೀರಿ?

ಗೋಕಾಕ್ ಚಳವಳಿಯ ಕಾಲದಲ್ಲಿ ಜನ ಬೀದಿಗಿಳಿದದ್ದು ಶಾಲೆಯಲ್ಲಿ ಕನ್ನಡಕ್ಕೆ ಜಾಗ ಬೇಕೆಂದು. ಇಂದಿನ ಮನೆಗಳಲ್ಲಿ ಟಿವಿಯೂ ಒಂದು ಶಾಲೆಯೇ. ಅದರ ಬಾಗಿಲ ಕೀಲಿ ಯಾವ ಭಾಷೆಯಲ್ಲಿದೆಯೋ ಆ ಭಾಷೆ ಬಲ್ಲವನೇ ಮನೆಯ ಯಜಮಾನ. ಉಳಿದವರು ಅಪ್ಪಣೆಗಾಗಿ ಕಾಯುವವರು. ಟೀಚರಂಥ ತಾಯಂದಿರು ಪ್ರತಿ ಬೀದಿಯಲ್ಲೂ ಇದ್ದಾರೆ. ಮಗ ದೂರದೂರಿನಲ್ಲಿ, ರಿಮೋಟು ಕೈಯಲ್ಲಿ, ಎದುರಿಗೆ ಅರ್ಥವಾಗದ ಪರದೆ. ಅವರು ದೂರುವುದಿಲ್ಲ. ತಮ್ಮ ಕಣ್ಣು, ತಮ್ಮ ಕಿವಿ, ತಮ್ಮ ವಯಸ್ಸನ್ನು ಬೈದುಕೊಂಡು ಸುಮ್ಮನಾಗುತ್ತಾರೆ.

ಆದ್ದರಿಂದ ಈ ಭಾನುವಾರ ಮೂರು ಕೆಲಸ ಮಾಡಿ.

ನಿಮ್ಮ ಬೀದಿಯ ಹಿರಿಯರ ಒಂದು ಮನೆಗೆ ಹೋಗಿ. ಟಿವಿಯ ಬೆನ್ನು ನೋಡಿ. ಹಳದಿ ತಂತಿ ಇದ್ದು, ಕಪ್ಪು ತಂತಿ ಅಟ್ಟದಲ್ಲಿದ್ದರೆ ಬದಲಾಯಿಸಿ. ಚೀಟಿಯಲ್ಲಿ ಕನ್ನಡದಲ್ಲಿ 'ಕೇಬಲ್ ಪೆಟ್ಟಿಗೆ', 'ಸದ್ದು' ಎಂದು ಬರೆದು ತಂತಿಗಳಿಗೆ ಅಂಟಿಸಿ. ಯಾವ ರಿಮೋಟು ಯಾವುದಕ್ಕೆ, ಯಾವ ಗುಂಡಿ ಮೊದಲು ಎಂದು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಹಚ್ಚಿ.

ನಿಮ್ಮ ಟಿವಿ ಕಂಪನಿಗೆ, ಕೇಬಲ್ ಕಂಪನಿಗೆ ಒಂದೊಂದು ಕಾಗದ ಬರೆಯಿರಿ, ಕನ್ನಡದಲ್ಲೇ. ಸೂಚನಾ ಪುಸ್ತಕ ಕನ್ನಡದಲ್ಲಿ ಕೊಡಿ, ಮನೆಗೆ ಕಳಿಸುವ ಕೆಲಸಗಾರನಿಗೆ ಕೆಲಸಕ್ಕೆ ಬೇಕಾಗುವಷ್ಟು ಕನ್ನಡ ಕಲಿಸಿ ಎಂದು ಕೇಳಿ. ಕೆಲಸ ಸರಿಯಾಗಿ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲಿ ದೂರು ಹೇಳಲು ಕನ್ನಡವೂ ಇದೆ. ಕನ್ನಡದಲ್ಲೇ ಹೇಳಿ.

ನಿಮ್ಮ ಶಾಸಕರು ಎದುರು ಸಿಕ್ಕಾಗ ಹಾರ ಹಾಕುವ ಮೊದಲು ಒಂದು ಪ್ರಶ್ನೆ ಕೇಳಿ: ಕಾಯ್ದೆಯಲ್ಲಿ 'ರಾಜ್ಯದೊಳಗೆ ತಯಾರಾಗುವ' ಎಂಬುದು 'ರಾಜ್ಯದೊಳಗೆ ಮಾರಾಟವಾಗುವ' ಎಂದು ಯಾವಾಗ ಬದಲಾಗುತ್ತದೆ?

ನಮ್ಮ ಟೀಚರು ಈಗ ದಿನಾ ವಾರ್ತೆ ನೋಡುತ್ತಾರೆ. ಅಷ್ಟೇ ಅಲ್ಲ, ಪರದೆಯ ಕೆಳಗೆ ಓಡುವ ಸಾಲುಗಳಲ್ಲಿ ಕಾಗುಣಿತ ತಪ್ಪು ಹುಡುಕಿ ನೋಟುಪುಸ್ತಕದಲ್ಲಿ ಗುರುತು ಹಾಕುತ್ತಿದ್ದಾರೆ. ಚಾನೆಲ್‌ನವರಿಗೆ ಕಳಿಸುತ್ತಾರಂತೆ. ಎಂಟು ತಿಂಗಳ ಬಾಕಿ ಇದೆಯಲ್ಲ!

ಕಣ್ಣು ಚೆನ್ನಾಗಿದೆ ಗೆಳೆಯರೇ. ತಂತಿ ಬದಲಾಯಿಸಿ.